ಹಳೆಯ ಸಿನಿಮಾ ಬಲ್ಲವರು ಹೊಸದಕ್ಕೆ ಯಾಕೆ ಹೋಗುತ್ತೀರಿ?

ನನ್ನನ್ನು ಬಲ್ಲವರು ಸಿಕ್ಕಾಗಲೆಲ್ಲ ಕೇಳುವ ಪ್ರಶ್ನೆಯೊಂದಿದೆ. ಮದುವೆಯ ಊಟದ ಪಂಕ್ತಿಯಲ್ಲಿ, ಬಾಗಲಕೋಟೆಯ ಬಸ್ ನಿಲ್ದಾಣದಲ್ಲಿ, ಜೊತೆಗೆ ಕೆಲಸ ಮಾಡುವ ಹುಡುಗರು ಚಹಾಕ್ಕೆ ಕೂತಾಗ, ಮಾತು ಬೇರೆ ಬೇರೆಯಾದರೂ ಕೇಳುವುದು ಅದನ್ನೇ: “ಪುಟ್ಟಣ್ಣ, ಕಾಸರವಳ್ಳಿ ಅಂತ ಅಷ್ಟು ಮಾತಾಡವ್ರು ನೀವು, ಈಗಿನ ಪಿಚ್ಚರಿಗೆ ಯಾಕ ಹೊಕ್ಕೀರಿ? ಏನೈತ್ರಿ ಅದರಾಗ?” ಹಳೆಯದು ಚಿನ್ನ, ಹೊಸದು ಬರೀ ಗದ್ದಲ ಎಂದು ನಾನು ಒಪ್ಪಿಕೊಂಡುಬಿಟ್ಟರೆ ಕೇಳಿದವರಿಗೆ ಸಮಾಧಾನವಾಗುತ್ತದೆ. ನನಗೆ ಹಾಗೆ ಒಪ್ಪಲು ಆಗುವುದಿಲ್ಲ. ಹಳೆಯ ಕನ್ನಡ ಚಿತ್ರಗಳ ಮೇಲಿನ ನನ್ನ ಪ್ರೀತಿ ಒಂದಿಷ್ಟೂ ತಗ್ಗಿಲ್ಲ. ಆದರೆ ನಾನು ನೋಡಿ ಬೆಳೆದ ಆ ಚಿತ್ರಗಳಲ್ಲಿ ನಾಯಕನಾಗಲಿ ನಾಯಕಿಯಾಗಲಿ ನಮ್ಮ ಮನೆಯ ಮಾತು ಆಡಿದ್ದನ್ನು ನಾನು ಕೇಳಲಿಲ್ಲ. ಈಗ ಅಲ್ಲೊಂದು ಇಲ್ಲೊಂದು ಚಿತ್ರದಲ್ಲಿ ಕೇಳುತ್ತಿದ್ದೇನೆ. ಅದಕ್ಕಾಗಿ ಹೋಗುತ್ತೇನೆ.

ನಾನು ಬೆಳೆದದ್ದು ಗುಳೇದಗುಡ್ಡದಲ್ಲಿ, ರವಿಕೆಯ ಖಣ ನೇಯುವ ಮನೆಯಲ್ಲಿ. ಅಮಾವಾಸ್ಯೆಗೆ ಮಗ್ಗ ನಿಲ್ಲುತ್ತಿತ್ತು. ಅಂದು ಮಧ್ಯಾಹ್ನದ ಆಟಕ್ಕೆ ನಮ್ಮ ಆಯಿ ಉಡಿಯಲ್ಲಿ ಚುರಮರಿ ಕಟ್ಟಿಕೊಂಡು, ನನ್ನ ಕೈ ಹಿಡಿದುಕೊಂಡು ಟಾಕೀಸಿಗೆ ಹೊರಡುತ್ತಿದ್ದಳು. ಅವಳಿಗೆ ಸಿನಿಮಾ ಎಂದರೆ ಪ್ರಾಣ, ಆದರೆ ಪರದೆಯ ಮೇಲಿನ ಮಾತು ಪೂರ್ತಿ ಹಿಡಿಯುತ್ತಿರಲಿಲ್ಲ. ಶಾಲೆ ಕಲಿತವರಿಗೂ ರೇಡಿಯೊ ಕೇಳುವವರಿಗೂ ಆ ಮೈಸೂರು ಕಡೆಯ ಕನ್ನಡ ರೂಢಿಯಾಗಿತ್ತು. ಮಗ್ಗದ ಮನೆ ಬಿಟ್ಟು ಹೆಚ್ಚು ದೂರ ಹೋಗದ ಆಯಿಗೆ ಆಗಿರಲಿಲ್ಲ. ಪುಟ್ಟಣ್ಣ ಕಣಗಾಲರ ‘ಶರಪಂಜರ’ ನಮ್ಮೂರಿಗೆ ಮರುಬಿಡುಗಡೆಯಾಗಿ ಬಂದಾಗ ಅವಳು ಹೆಜ್ಜೆಹೆಜ್ಜೆಗೂ ಮೊಣಕೈಯಿಂದ ನನ್ನನ್ನು ತಿವಿದು “ಏನಂದ್ಲೋ?” ಎಂದು ಕೇಳುತ್ತಿದ್ದಳು. ನಾನು ಅವಳ ಕಿವಿಯ ಹತ್ತಿರ ಬಾಗಿ, ‘ಹೊರಡುತ್ತಾ ಇದ್ದೇನೆ’ ಎಂಬ ಧಾಟಿಯ ಮಾತನ್ನು ‘ಹೊಂಟೀನಿ’ ಎಂದೂ, ‘ಯಾಕೆ ಹೀಗೆ ಮಾಡುತ್ತಾ ಇದ್ದೀರಿ’ ಎಂಬಂಥದ್ದನ್ನು ‘ಯಾಕ ಹಿಂಗ ಮಾಡಾಕತ್ತೀರಿ’ ಎಂದೂ ಪಿಸುಗುಡುತ್ತಿದ್ದೆ. ಕನ್ನಡವನ್ನು ಕನ್ನಡಕ್ಕೇ ತಿರುಗಿಸಿ ಹೇಳುವ ಕೆಲಸ ಅದು. ಹೀಗಾಗಿ ಸುತ್ತಲಿನ ಹೆಂಗಸರು ಕಣ್ಣೊರೆಸಿಕೊಂಡು ಮುಗಿಸಿದ ಮೇಲೆ ಆಯಿಯ ಅಳು ಶುರುವಾಗುತ್ತಿತ್ತು.

ಇದೇ ಆಯಿಗೆ ಬನಶಂಕರಿ ಜಾತ್ರೆಯಲ್ಲಿ ಯಾರ ಸಹಾಯವೂ ಬೇಕಾಗುತ್ತಿರಲಿಲ್ಲ. ಬನದ ಹುಣ್ಣಿಮೆಯ ಆ ಜಾತ್ರೆಗೆ ಬಾದಾಮಿಯ ಹತ್ತಿರ ನಾಟಕ ಕಂಪನಿಗಳು ಸಾಲಾಗಿ ಬಂದು ತಂಬು ಹಾಕುತ್ತವೆ. ತೇರು ಎಳೆದಾದ ಮೇಲೂ ವಾರಗಟ್ಟಲೆ ರಾತ್ರಿಯಿಡೀ ಆಟ ನಡೆಯುತ್ತದೆ. ಅಲ್ಲಿ ರಂಗದ ಮೇಲೆ ಸೊಸೆ ಅತ್ತೆಗೆ ಎದುರಾಡುವುದು, ಗೌಡ ಆಳನ್ನು ಗದರುವುದು, ತಾಯಿ ಮಗನಿಗಾಗಿ ಗೋಳಾಡುವುದು ಎಲ್ಲವೂ ನಮ್ಮ ಓಣಿಯ ಮಾತಿನಲ್ಲೇ. ಆಯಿ ನಟಿಗಿಂತ ಒಂದು ಗಳಿಗೆ ಮೊದಲೇ ನಗುತ್ತಿದ್ದಳು, ಮೊದಲೇ ಅಳುತ್ತಿದ್ದಳು, ಮುಂದಿನ ಮಾತು ಏನು ಬರುತ್ತದೆಂಬುದು ಅವಳಿಗೆ ಗೊತ್ತಿರುತ್ತಿತ್ತು. ಬಾಲ್ಯದಲ್ಲಿ ನನಗೆ ಇದರ ಅರ್ಥ ಆಗಿರಲಿಲ್ಲ. ನಾಟಕ ಒರಟು, ಸಿನಿಮಾ ನಯ ಎಂದೇ ನಂಬಿದ್ದೆ.

ಹೀಗೆ ಯಾಕಾಯಿತು ಎಂದು ಆಮೇಲೆ ಓದಿ ತಿಳಿಯಲು ಹೊರಟಾಗ ಸಿಕ್ಕ ಮೊದಲ ಸಂಗತಿಯೇ ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿತು. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರಲ್ಲಿ ತೆರೆ ಕಂಡಿತು, ಅದರ ಚಿತ್ರೀಕರಣ ನಡೆದದ್ದು ಕೊಲ್ಹಾಪುರದಲ್ಲಿ. ಬೆಳಗಾವಿಯಿಂದ ಕೊಲ್ಹಾಪುರಕ್ಕೆ ನೂರು ಕಿಲೋಮೀಟರಿಗೆ ತುಸು ಹೆಚ್ಚು. ಕನ್ನಡ ಪರದೆಯ ಮೇಲೆ ಮೊದಲ ಬಾರಿ ನುಡಿದದ್ದು ನಮ್ಮ ಹೊಸ್ತಿಲ ಹತ್ತಿರವೇ ಆಯಿತು, ಆದರೆ ಹಣ ಹಾಕಿದವರು ಬೆಂಗಳೂರಿನಿಂದ ಬಂದವರು, ಮಾತು ಬರೆದವರು ಬೆಳ್ಳಾವೆ ನರಹರಿ ಶಾಸ್ತ್ರಿಗಳು, ನಟಿಸಿದವರು ಹಳೆ ಮೈಸೂರಿನ ರಂಗಭೂಮಿಯಲ್ಲಿ ಪಳಗಿದ ಸುಬ್ಬಯ್ಯ ನಾಯ್ಡು, ನಾಗೇಂದ್ರರಾಯರಂಥವರು. ಆ ಚಿತ್ರದ ಪ್ರತಿ ಇಂದು ಉಳಿದಿಲ್ಲ. ಮುಂದೆ ಕನ್ನಡ ಚಿತ್ರಗಳು ಮದ್ರಾಸಿನ ಸ್ಟುಡಿಯೊಗಳಲ್ಲಿ, ಆನಂತರ ಮೈಸೂರು ಬೆಂಗಳೂರುಗಳಲ್ಲಿ ತಯಾರಾದವು. ನಾವು ಆಗ ಮುಂಬಯಿ ಪ್ರಾಂತ್ಯದವರು. ನಮ್ಮ ಕಡೆಯ ಪ್ರತಿಭೆ ಮುಂಬಯಿ ಪುಣೆಗಳ ದಾರಿ ಹಿಡಿಯುತ್ತಿತ್ತು. ಬೀಳಗಿಯ ಅಮೀರಬಾಯಿ ಕರ್ನಾಟಕಿ 1943ರ ‘ಕಿಸ್ಮತ್’ ಚಿತ್ರದ ಹಾಡುಗಳಿಂದ ದೇಶದ ಮನೆಮನೆಗೆ ಮುಟ್ಟಿದರು, ಆದರೆ ಆ ಹಾಡುಗಳು ಹಿಂದಿಯವು. ಸವದತ್ತಿ ತಾಲ್ಲೂಕಿನ ಏಣಗಿಯ ಬಾಳಪ್ಪನವರು ನೂರು ದಾಟಿ ಬದುಕಿ 2017ರಲ್ಲಿ ತೀರಿಕೊಂಡರು. ಅವರ ಆಯುಷ್ಯವೆಲ್ಲ ರಂಗಭೂಮಿಗೆ ಸಂದಿತು. ನಮ್ಮ ಮಾತನ್ನು ಪರದೆಗೆ ಒಯ್ಯಬಲ್ಲವರು ಇಲ್ಲದಿರಲಿಲ್ಲ. ಅವರಿದ್ದ ಕಡೆ ಕನ್ನಡದ ಕ್ಯಾಮೆರಾ ಇರಲಿಲ್ಲ.

ಇದರ ಪರಿಣಾಮ ನನಗೆ ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುವುದು 1961ರ ‘ಕಿತ್ತೂರು ಚೆನ್ನಮ್ಮ’ದಲ್ಲಿ. ಬಿ.ಆರ್. ಪಂತುಲು ಅವರ ಆ ಚಿತ್ರವನ್ನು ನಾನು ಗೌರವದಿಂದಲೇ ನೋಡುತ್ತೇನೆ, ಕಪ್ಪ ಕೇಳಿದವರಿಗೆ ಬಿ. ಸರೋಜಾದೇವಿ ಉತ್ತರ ಕೊಡುವ ಸನ್ನಿವೇಶಕ್ಕೆ ಈಗಲೂ ಮೈ ನವಿರೇಳುತ್ತದೆ, ನಮ್ಮ ಕಡೆಯ ಶಾಲೆಗಳಲ್ಲಿ ಸೀರೆ ಉಟ್ಟು ಮರದ ಕತ್ತಿ ಹಿಡಿದ ಹುಡುಗಿಯರು ಆ ಮಾತುಗಳನ್ನೇ ಬಾಯಿಪಾಠ ಹೇಳುತ್ತಾರೆ. ಆದರೂ 1824ರಲ್ಲಿ ಬೈಲಹೊಂಗಲ, ಕಿತ್ತೂರು, ಸಂಗೊಳ್ಳಿಗಳ ಮಣ್ಣಿನಲ್ಲಿ ನಡೆದ ಕಾಳಗದಲ್ಲಿ ರಾಣಿಯಿಂದ ಹಿಡಿದು ಕೋಟೆ ಕಾಯುವವನ ತನಕ ಎಲ್ಲರೂ ಗ್ರಂಥದ ಕನ್ನಡ ಆಡುವಾಗ, ನಮ್ಮ ನೆಲದ ಕಥೆಯನ್ನು ನಮಗೇ ಬೇರೆಯವರು ಓದಿ ಹೇಳುತ್ತಿದ್ದಾರೆಂದು ಅನ್ನಿಸದೆ ಇರುವುದಿಲ್ಲ. ಆ ಕಾಲದ ಎಲ್ಲ ಐತಿಹಾಸಿಕ ಚಿತ್ರಗಳ ರೀತಿಯೇ ಅದು ಎಂಬುದು ಗೊತ್ತು. ಸಾಮಾಜಿಕ ಚಿತ್ರಗಳಲ್ಲಿ ನಮ್ಮ ಮಾತು ಕೇಳಿಸಿದಾಗ ಅದು ಬಹುಮಟ್ಟಿಗೆ ನಗೆಪಾತ್ರದ ಬಾಯಲ್ಲಿ ಇರುತ್ತಿತ್ತು. “ಏನ್ರಿ ಯಪ್ಪಾ” ಎಂದ ಕೂಡಲೇ ಟಾಕೀಸು ನಗಬೇಕು ಎಂಬುದು ಲೆಕ್ಕ. ನಾವೂ ನಗುತ್ತಿದ್ದೆವು. ಆಯಿ ಮಾತ್ರ ನಗುತ್ತಿರಲಿಲ್ಲ. ಅವನು ಹೇಳಿದ್ದರಲ್ಲಿ ನಗುವಂಥದ್ದು ಏನಿದೆ ಎಂಬುದು ಅವಳಿಗೆ ತಿಳಿಯುತ್ತಿರಲಿಲ್ಲ.

ಇಷ್ಟು ಹೇಳಿದ ಮಾತ್ರಕ್ಕೆ ನಾನು ಹಳೆಯದನ್ನು ಬಿಟ್ಟುಕೊಟ್ಟೆ ಎಂದು ಯಾರೂ ತಿಳಿಯಬಾರದು. ಮಾನಸಿಕ ಆಸ್ಪತ್ರೆಯಿಂದ ಗುಣವಾಗಿ ಮನೆಗೆ ಬಂದ ಹೆಣ್ಣನ್ನು ಮನೆಯವರೂ ನೆರೆಯವರೂ ಮತ್ತೆ ಹೇಗೆ ಹುಚ್ಚಿಯನ್ನಾಗಿ ಮಾಡುತ್ತಾರೆ ಎಂಬುದನ್ನು ‘ಶರಪಂಜರ’ ತೋರಿಸಿದ್ದು 1971ರಲ್ಲಿ, ಮತ್ತು ಆ ಧೈರ್ಯ ಇಂದಿನ ದೊಡ್ಡ ಬಂಡವಾಳದ ಚಿತ್ರಗಳಲ್ಲಿ ನನಗೆ ಅಪರೂಪಕ್ಕೂ ಕಾಣುವುದಿಲ್ಲ. ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ (1977) ನನ್ನ ಪಾಲಿಗೆ ಕನ್ನಡದ ಅತ್ಯಂತ ಎತ್ತರದ ಚಿತ್ರ. ಬಸಿರಾದ ವಿಧವೆ ಯಮುನಾ ಕಾಡಿನಲ್ಲಿ ಹುತ್ತದೊಳಗೆ ಕೈ ಇಡುವ ದೃಶ್ಯವನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಏನಾಗುತ್ತಿದೆ ಎಂಬುದು ಪೂರ್ತಿ ತಿಳಿಯದ ಪುಟ್ಟ ನಾಣಿಯ ಕಣ್ಣಿನಿಂದ ಅದನ್ನು ನೋಡುತ್ತೇವೆ. ತಿಳಿದ ನಾವು ಅಸಹಾಯಕರು, ತಿಳಿಯದ ಅವನು ಅವಳಿಗೆ ಇರುವ ಒಬ್ಬನೇ ಆಸರೆ. ಕಪ್ಪು ಬಿಳುಪಿನ ಆ ಚಿತ್ರವನ್ನು ಜೀರ್ಣೋದ್ಧಾರ ಮಾಡಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರೆಂದು ಓದಿದ ದಿನ ಸ್ವಂತ ಮನೆಯ ಸುದ್ದಿಯಂತೆ ಸಂತೋಷಪಟ್ಟೆ. ಅದರ ಭಾಷೆ ಮಲೆನಾಡಿನ ಅಗ್ರಹಾರದ್ದು, ಆ ಜನರಿಗೆ ಅದು ಸಹಜ. ನಮಗೂ ಅಂಥದ್ದೊಂದು ಬೇಕಿತ್ತು ಎಂಬುದಷ್ಟೇ ನನ್ನ ಹಂಬಲ.

ಆ ಹಂಬಲವನ್ನು ಈಡೇರಿಸಿದವರೂ ಕಾಸರವಳ್ಳಿಯವರೇ. ರಂ.ಶಾ. ಅವರ ಕಾದಂಬರಿಯನ್ನು ಆಧರಿಸಿದ ‘ತಾಯಿ ಸಾಹೇಬ’ (1997) ನಮ್ಮ ಭಾಗದ ವಾಡೆಯೊಂದರ ಒಳಗನ್ನು ತೆರೆದು ತೋರಿಸಿ ಸ್ವರ್ಣಕಮಲ ಪಡೆಯಿತು. ಅದಕ್ಕಿಂತಲೂ ನನ್ನನ್ನು ಅಲುಗಿಸಿದ್ದು ಅಮರೇಶ ನುಗಡೋಣಿಯವರ ‘ಸವಾರಿ’ ಕಥೆಯಿಂದ ಹುಟ್ಟಿದ ‘ಕನಸೆಂಬ ಕುದುರೆಯನೇರಿ’. ಕುಣಿ ತೋಡುವ ಈರ್ಯಾನ ಕನಸಿನಲ್ಲಿ ಸಿದ್ಧಪುರುಷ ಬಂದರೆ ಊರಿನಲ್ಲಿ ಯಾರೋ ಸತ್ತಿದ್ದಾರೆಂದೇ ಅರ್ಥ. ಕನಸು ಬೀಳುತ್ತದೆ, ಈರ್ಯಾ ಗುದ್ದಲಿ ಹಿಡಿದು ಹೊರಡುತ್ತಾನೆ, ಆದರೆ ಗೌಡರ ಮನೆಯವರು ಸಾವನ್ನು ಮುಚ್ಚಿಟ್ಟು ಯಾರೂ ಸತ್ತಿಲ್ಲ ಎಂದು ಅವನನ್ನು ಕಳಿಸಿಬಿಡುತ್ತಾರೆ. ತನ್ನ ಕನಸು ಸುಳ್ಳಾಯಿತೆಂದು ಕುಸಿದುಹೋಗುವ ಆ ಮನುಷ್ಯನ ಪಾತ್ರ ಮಾಡಿದವರು ಬೀದರ ಕಡೆಯ ವೈಜನಾಥ ಬಿರಾದಾರ. ಅಷ್ಟು ವರ್ಷ ನಾವು ಅವರನ್ನು ಸಣ್ಣ ನಗೆಪಾತ್ರಗಳಲ್ಲೇ ನೋಡಿದ್ದೆವು. ಅದೇ ಬಾಯಿ, ಅದೇ ಮಾತು, ಅದೇ ಸಣಕಲು ಮೈ. ಟಾಕೀಸು ನಗಲೆಂದು ಬಳಸಿದ ಮಾತಿನಲ್ಲಿ ಅವರು ದೈವವನ್ನು ಕಳೆದುಕೊಂಡವನ ದುಃಖ ಹೇಳಿದಾಗ, ಆ ಮಾತಿನಲ್ಲಿ ಮೊದಲಿಂದಲೂ ಇದ್ದದ್ದೇ ಇದು ಎಂದು ನನಗೆ ಹೊಳೆಯಿತು. ಮ್ಯಾಡ್ರಿಡ್‌ನ ಇಮ್ಯಾಜಿನ್ ಇಂಡಿಯಾ ಚಿತ್ರೋತ್ಸವದಲ್ಲಿ ಆ ಪಾತ್ರಕ್ಕೆ ಅವರಿಗೆ ಅತ್ಯುತ್ತಮ ನಟ ಪ್ರಶಸ್ತಿ ಬಂದಿತು. ಆಯಿ ಆಗ ಇರಲಿಲ್ಲ. ಇದ್ದಿದ್ದರೆ ಮೊಣಕೈ ಸುಮ್ಮನಿರುತ್ತಿತ್ತು.

ಗಡಿಯ ಆಚೆಗೂ ಒಂದು ಮಾತು. ವಿಜಯಪುರದಿಂದ ಸೊಲ್ಲಾಪುರ ಎರಡು ತಾಸಿನ ದಾರಿ; ಅಲ್ಲಿ ನಮ್ಮ ಸಂಬಂಧಿಕರಿದ್ದಾರೆ, ಅವರ ಜೊತೆ ‘ಸೈರಾಟ್’ (2016) ನೋಡಿದೆ. ಅದರ ನಾಯಕಿ ಕರಮಾಳದ ಹಳ್ಳಿ ಮರಾಠಿಯನ್ನು ಅಪ್ಪಣೆ ಕೊಡುವ ಭಾಷೆಯ ಹಾಗೆ ಆಡುತ್ತಾಳೆ, ಯಾರ ಮುಂದೆಯೂ ಪುಣೆಯ ಮರಾಠಿಗೆ ಹೊರಳುವುದಿಲ್ಲ. ಅದೇ ನಾಗರಾಜ ಮಂಜುಳೆಯವರ ‘ಫಂಡ್ರಿ’ (2013)ಯಲ್ಲಿ ಹಂದಿ ಹಿಡಿಯಲು ಓಡುತ್ತಿರುವ ಕುಟುಂಬ ಶಾಲೆಯಿಂದ ರಾಷ್ಟ್ರಗೀತೆ ಕೇಳಿಸಿದಾಗ ಇದ್ದಲ್ಲಿಯೇ ನಿಂತುಬಿಡುತ್ತದೆ. ಅಷ್ಟು ಹೊತ್ತಿನ ಅವಸರವೆಲ್ಲ ಆ ನಿಲುವಿನಲ್ಲಿ ಹೆಪ್ಪುಗಟ್ಟುತ್ತದೆ. ಇಂಥ ಚಿತ್ರ ನಮ್ಮ ಹುನಗುಂದದಿಂದಲೋ ಸಿಂದಗಿಯಿಂದಲೋ ಯಾಕೆ ಬರಬಾರದು ಎಂದು ಯೋಚಿಸುತ್ತಲೇ ಅಂದು ರಾತ್ರಿ ಬಸ್ಸಿನಲ್ಲಿ ಮರಳಿದೆ.

ಆಡುಮಾತಿನ ಸಿನಿಮಾ ಒಂದು ಜಿಲ್ಲೆಗಷ್ಟೇ ಸೀಮಿತವಾಗುತ್ತದೆ, ಬೇರೆಯವರಿಗೆ ಅರ್ಥವಾಗುವುದಿಲ್ಲ ಎಂದು ನನ್ನ ಗೆಳೆಯನೊಬ್ಬ ಪ್ರತಿ ಸಲ ವಾದಿಸುತ್ತಾನೆ. ಮಂಡ್ಯದ ಹಳ್ಳಿಯ ಜನರನ್ನೇ ನಟಿಸಲು ಹಚ್ಚಿದ ‘ತಿಥಿ’ 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಗೆದ್ದಿತು. 2022ರಲ್ಲಿ ‘ಕಾಂತಾರ’ ಕರಾವಳಿಯ ಕನ್ನಡವನ್ನೇ ಆಡಿತು, ಅದನ್ನು ನಮ್ಮ ಬಾಗಲಕೋಟೆಯ ಜನ ಎರಡೆರಡು ಸಲ ನೋಡಿದರು. ನಮಗೆ ಅವರ ಮಾತು ತಿಳಿಯುವುದಾದರೆ ಅವರಿಗೆ ನಮ್ಮದು ತಿಳಿಯದೆ ಏನು? ಇಂದಿನ ಚಿತ್ರಗಳ ಮೇಲೆ ನನಗೆ ತಕರಾರು ಇರುವುದು ಬೇರೆ ಕಡೆ. ಹಿನ್ನೆಲೆ ಸಂಗೀತ ಒಂದು ಗಳಿಗೆಯೂ ಬಾಯಿ ಮುಚ್ಚುವುದಿಲ್ಲ, ಒಂದು ಮುಖವನ್ನು ಕಣ್ತುಂಬ ನೋಡುವಷ್ಟು ಹೊತ್ತು ದೃಶ್ಯ ನಿಲ್ಲುವುದಿಲ್ಲ, ಮಚ್ಚು ಬಂದೂಕುಗಳ ನಡುವೆ ಹೆಂಗಸರಿಗೆ ಮಾತೇ ಇರುವುದಿಲ್ಲ. ಅಂಥವನ್ನು ಮಧ್ಯಂತರಕ್ಕೆ ಬಿಟ್ಟು ಎದ್ದು ಬಂದದ್ದೂ ಉಂಟು.

ಆದರೂ ಹೋಗುತ್ತೇನೆ, ಯಾಕೆಂದರೆ ನಡುವೆ ‘ಶಿವಮ್ಮ ಯರೇಹಂಚಿನಾಳ’ದಂಥದ್ದು ಬರುತ್ತದೆ. ಜೈಶಂಕರ್ ಆರ್ಯರ್ ನಿರ್ದೇಶನದ ಈ ಚಿತ್ರ ಕೊಪ್ಪಳ ಜಿಲ್ಲೆಯ ಯರೇಹಂಚಿನಾಳದಲ್ಲೇ, ಆ ಊರಿನವರನ್ನೇ ಇಟ್ಟುಕೊಂಡು ಮಾಡಿದ್ದು. 2022ರಲ್ಲಿ ಬುಸಾನ್ ಚಿತ್ರೋತ್ಸವದ ನ್ಯೂ ಕರೆಂಟ್ಸ್ ಪ್ರಶಸ್ತಿ ಪಡೆಯಿತು. ಶಾಲೆಯಲ್ಲಿ ಬಿಸಿಯೂಟ ಮಾಡುವ ಶಿವಮ್ಮ, ಹಾಸಿಗೆ ಹಿಡಿದ ಗಂಡ, ಮಗಳ ಮದುವೆಯ ಚಿಂತೆ, ಇವುಗಳ ನಡುವೆ ಅವಳು ಶಕ್ತಿಪೇಯದ ನೆಟ್‌ವರ್ಕ್ ವ್ಯಾಪಾರಕ್ಕೆ ಇಳಿಯುತ್ತಾಳೆ. ಶರಣಮ್ಮ ಚೆಟ್ಟಿ ಆ ಹೆಂಗಸಿನ ಹಟವನ್ನು ತುಟಿ ಬಿಗಿಹಿಡಿಯುವುದರಲ್ಲೇ ತೋರಿಸುತ್ತಾರೆ. ಅವಳ ಮೇಲೆ ಕನಿಕರ ಹುಟ್ಟಿಸಲು ಚಿತ್ರ ಎಲ್ಲಿಯೂ ಪ್ರಯತ್ನಿಸುವುದಿಲ್ಲ, ಅವಳು ತಪ್ಪು ಮಾಡುವಾಗ ತಪ್ಪು ಮಾಡಲು ಬಿಡುತ್ತದೆ.

ನಮ್ಮೂರಿಗೆ ಅದು ಬರಲಿಲ್ಲ. ಕೆಲಸದ ಮೇಲೆ ಬೆಂಗಳೂರಿಗೆ ಹೋದಾಗ ಸಂಜೆಯ ಆಟಕ್ಕೆ ಹೋಗಿ ಕೂತೆ. ಪಕ್ಕದ ಕುರ್ಚಿಯಲ್ಲಿ ಇಪ್ಪತ್ತರ ಆಸುಪಾಸಿನ ಹುಡುಗನೊಬ್ಬನಿದ್ದ, ಗೆಳೆಯನ ಜೊತೆ ಬೆಂಗಳೂರಿನ ಕನ್ನಡವನ್ನೇ ಮಾತಾಡುತ್ತಿದ್ದ. ಚಿತ್ರ ಶುರುವಾಗಿ ಹತ್ತು ನಿಮಿಷಕ್ಕೆ ಗಮನಿಸಿದೆ: ಅವನ ಕಣ್ಣು ಪರದೆಯ ಕೆಳಗಿನ ಇಂಗ್ಲಿಷ್ ಸಾಲುಗಳ ಮೇಲೆ ಓಡಾಡುತ್ತಿತ್ತು. ಶಿವಮ್ಮ ಅಂದ ಮಾತಿಗೆ ನಾನು ನಕ್ಕ ಒಂದು ಗಳಿಗೆಯ ಮೇಲೆ ಅವನು ನಗುತ್ತಿದ್ದ. ನನಗೆ ಆಯಿಯ ನೆನಪಾಯಿತು, ಅವನ ಕಿವಿಯ ಹತ್ತಿರ ಬಾಗಿ ಹೇಳಬೇಕು ಅನ್ನಿಸಿತು. ಆಟ ಮುಗಿದು ಮೆಟ್ಟಿಲು ಇಳಿಯುವಾಗ ಮನೆಯಿಂದ ಫೋನ್ ಬಂತು. “ಹೂಂ, ಪಿಚ್ಚರ್ ಮುಗೀತು, ಹೊಂಟೀನಿ” ಎಂದೆ. ಹಿಂದೆ ಬರುತ್ತಿದ್ದ ಆ ಹುಡುಗ ನನ್ನ ಸಮಕ್ಕೆ ಬಂದು, “ಸರ್, ನೀವು ಶಿವಮ್ಮನ ಊರಿನವರಾ?” ಎಂದು ಕೇಳಿದ. ಅಲ್ಲ, ಗುಳೇದಗುಡ್ಡದವನು ಎಂದೆ. ಅದು ಎಲ್ಲಿದೆ ಎಂದು ಅವನು ಕೇಳಿದ್ದಕ್ಕೆ ರಸ್ತೆಯ ತನಕ ಹೇಳುತ್ತ ಹೋದೆ.