ಆಷಾಢಕ್ಕೆ ಮೂರು ದಿನ ಮುಂಚೆ

2022ರ ಜೂನ್ 27, ಸೋಮವಾರ. ಗುರುವಾರದಿಂದ ಆಷಾಢ. ಆಷಾಢದಲ್ಲಿ ಯಾರೂ ಮನೆ ಬದಲಾಯಿಸುವುದಿಲ್ಲ, ಹಾಲು ಉಕ್ಕಿಸುವುದಿಲ್ಲ. ಹಾಗಾಗಿ ಆ ವಾರ ಬೆಂಗಳೂರಿನ ಲಗ್ಗೆರೆಯ ನಮ್ಮ ಬೀದಿಯಲ್ಲಿ ಎಲ್ಲಿ ನೋಡಿದರೂ ಸಾಮಾನು ತುಂಬಿದ ಟಾಟಾ ಏಸ್. ನಮ್ಮ ಮೇಲಿನ ಮನೆಯವರೂ ಬೆಳಗ್ಗೆ ಏಳಕ್ಕೇ ಬೀರು ಕೆಳಗಿಳಿಸಿದ್ದರು. ಐದು ವರ್ಷ ಭೋಗ್ಯಕ್ಕೆ, ಅಂದರೆ ಬಾಡಿಗೆ ಬದಲು ಒಟ್ಟಿಗೆ ದುಡ್ಡು ಕೊಟ್ಟು, ಇದ್ದವರು. ನೆಲಮಂಗಲದ ಹತ್ತಿರ ಸ್ವಂತ ಮನೆ ಕಟ್ಟಿಸಿದ್ದರು. ಅವತ್ತು ನಾನು ಅವರಿಗೆ 6 ಲಕ್ಷ ವಾಪಸ್ ಕೊಡಬೇಕಿತ್ತು.

ಅಷ್ಟು ದುಡ್ಡು ನನ್ನ ಹತ್ತಿರ ಇರಲಿಲ್ಲ. ಆ ಮನೆಗೆ ಭೋಗ್ಯಕ್ಕೆ ಬರುವ ಹೊಸಬರು ಕೊಡುತ್ತಾರೆ, ಅದನ್ನೇ ಇವರ ಕೈಗಿಡುವುದು ಅಂತ ಲೆಕ್ಕ. ಬೀದಿಯಲ್ಲಿ ಸುಮಾರು ಜನರ ಲೆಕ್ಕ ಹೀಗೇ ನಡೆಯುವುದು. ಎಂಟೂವರೆಗೆ ಹೊಸಬರ ಫೋನ್ ಬಂತು.

"ಅಕ್ಕಾ, ನಮ್ಮ ಓನರ್ ಭೋಗ್ಯದ ದುಡ್ಡು ವಾಪಸ್ ಕೊಡೋಕೆ ಈಗ ಆಗಲ್ಲ ಅಂತಿದಾರೆ. ಅವರ ಮನೆಗೂ ಪಾರ್ಟಿ ಸಿಕ್ಕಿಲ್ಲವಂತೆ. ಶ್ರಾವಣದವರೆಗೆ ಟೈಮ್ ಕೊಡಿ."

ಕೈಕಾಲು ತಣ್ಣಗಾಯಿತು. ಹೊರಗೆ ಗ್ಯಾಸ್ ಸಿಲಿಂಡರ್ ಇಳಿಸುವ ಸದ್ದು.

ನಮ್ಮ ಮಹಡಿ ಪೂರ್ತಿಯಾಗಿದ್ದೇ ಭೋಗ್ಯದ ದುಡ್ಡಿನಿಂದ, ಆ ಉಪಕಾರ ನಾನು ಮರೆಯುವುದಿಲ್ಲ. ನಮ್ಮದು 20-30 ಅಡಿ ಸೈಟು, ಬಿ ಖಾತಾ, ಅಂದರೆ ದಾಖಲೆ ಪೂರ್ತಿ ಸಕ್ರಮವಾಗದ ಜಾಗ. ನಮ್ಮ ಯಜಮಾನರಿಗೆ ಪೀಣ್ಯದಲ್ಲಿ ಕೆಲಸ. 2016ರಲ್ಲಿ ಮೇಲೊಂದು ಮನೆ ಕಟ್ಟೋಣ ಅಂತ ಬ್ಯಾಂಕಿಗೆ ಹೋದರೆ, ಬಿ ಖಾತಾ ಅಂದ ಕೂಡಲೇ ಕಾಗದ ವಾಪಸ್ ಕೊಟ್ಟರು. ಗೋಡೆ, ಮೋಲ್ಡ್ ಆಗುವಷ್ಟಕ್ಕೆ ಚೀಟಿ ಎತ್ತಿದೆವು. ಟೈಲ್ಸ್, ಬಾಗಿಲು, ಕರೆಂಟ್ ಕೆಲಸಕ್ಕೂ ಕೈಸಾಲ ತೀರಿಸುವುದಕ್ಕೂ ಈ 6 ಲಕ್ಷವೇ ಆಯಿತು. ತಿಂಗಳ ಬಾಡಿಗೆ ಇಲ್ಲ, ಬಿಡುವಾಗ ಅಷ್ಟೂ ದುಡ್ಡು ವಾಪಸ್. ಬಡ್ಡಿ ಇಲ್ಲದ ದುಡ್ಡು ಅಂತ ಐದು ವರ್ಷ ನಂಬಿಕೊಂಡೇ ಇದ್ದೆ.

ಹತ್ತು ಗಂಟೆಗೆ ಅಮ್ಮ ಕೊಟ್ಟಿದ್ದ ನಾಲ್ಕು ಬಳೆ, ಒಂದು ಅವಲಕ್ಕಿ ಸರ ಕರವಸ್ತ್ರದಲ್ಲಿ ಕಟ್ಟಿಕೊಂಡು ಬ್ಯಾಂಕಿಗೆ ಹೋದೆ. ಅಕ್ಕಸಾಲಿಗರು ಬಳೆಯನ್ನು ಕಪ್ಪು ಕಲ್ಲಿಗೆ ಉಜ್ಜಿದರು, ಆಸಿಡ್ ಹನಿ ಬಿಟ್ಟು ನೋಡಿದರು. ಒಂದು ಬಳೆಯ ಒಳಗೆ ಅಂಟಿದ್ದ ಅರಿಶಿನದ ಕೊಳೆಯನ್ನು ಬ್ರಷ್‌ನಿಂದ ತೆಗೆದು ತೂಕಕ್ಕಿಟ್ಟರು. ಅಮ್ಮನ ಕೈಯ ಅರಿಶಿನ ಅದು. ನಾನು ಆ ಕಡೆ ನೋಡಲಿಲ್ಲ. ಬೆಲೆಯ ಮುಕ್ಕಾಲು ಭಾಗಕ್ಕಿಂತ ಜಾಸ್ತಿ ಕೊಡುವಂತಿಲ್ಲ ಅಂದರು. 2 ಲಕ್ಷದ 40 ಸಾವಿರ ಸಿಕ್ಕಿತು.

ಸಹಿಗೆ ಕಾಯುತ್ತಾ ಸುಮ್ನೆ ಕೂತಿದ್ದಾಗ ಚಲನ್ ಹಿಂದೆ ಲೆಕ್ಕ ಹಾಕಿದೆ. ಒಡವೆ ಸಾಲಕ್ಕೆ ನೂರಕ್ಕೆ ತಿಂಗಳಿಗೆ 75 ಪೈಸೆ ಬಡ್ಡಿ. ಭೋಗ್ಯಕ್ಕೆ? ಅಂಥ ಮನೆಗೆ ಆಗ ನಮ್ಮ ಬೀದಿಯಲ್ಲಿ ಬಾಡಿಗೆ 8,000. ವರ್ಷಕ್ಕೆ 96,000. 6 ಲಕ್ಷಕ್ಕೆ ಅದು ನೂರಕ್ಕೆ 16 ಆಯಿತು, ತಿಂಗಳಿಗೆ 1 ರೂಪಾಯಿ 33 ಪೈಸೆ. ಕಣ್ಣಿಗೆ ಕಾಣದ ಬಡ್ಡಿ ಅಷ್ಟು ವರ್ಷ ಕಟ್ಟುತ್ತಲೇ ಇದ್ದೆ, ಅಲ್ವಾ? ಅಸಲು ಮಾತ್ರ ಒಂದು ರೂಪಾಯಿಯೂ ಇಳಿದಿರಲಿಲ್ಲ. ನಿಂತುಹೋದ ಮನೆ ಮುಗಿಸುವುದಕ್ಕೆ ಭೋಗ್ಯ ಸರಿ. ಆಮೇಲೂ ಅದರಲ್ಲೇ ಇದ್ದುಬಿಟ್ಟದ್ದು ನಮ್ಮ ತಪ್ಪು.

ಒಡವೆ ಸಾಲದ ದುಡ್ಡು, ಉಳಿತಾಯದ 80,000, ಹೊಸಬರು ಕೊಟ್ಟಿದ್ದ ಟೋಕನ್ 50,000, ಎಲ್ಲ ಸೇರಿ 3 ಲಕ್ಷದ 70 ಸಾವಿರವನ್ನು ಮೇಲಿನ ಮನೆಯವರ ಖಾತೆಗೆ ಹಾಕಿಸಿದೆ. ಇನ್ನೂ 2 ಲಕ್ಷದ 30 ಸಾವಿರ ಬಾಕಿ. ಹೇಗೆ ಹೇಳುವುದು ಅಂತಲೇ ಮನೆಗೆ ಬಂದೆ. ಅವರು ಮೆಟ್ಟಿಲ ಮೇಲೆ ಕೂತು ಕಾಯುತ್ತಿದ್ದರು. ಆ ದುಡ್ಡಿಗಾಗಿ ಅವರ ಹೊಸ ಮನೆಯಲ್ಲಿ ಬಡಗಿಯವರು ಕಾಯುತ್ತಿದ್ದಾರೆ ಅನ್ನುವುದು ನನಗೂ ಗೊತ್ತಿತ್ತು.

"ಶ್ರಾವಣಕ್ಕೆ ಕೊಡ್ತೀನಿ ಅಣ್ಣ," ಅಂದೆ.

ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ ಕರಾರು ಪತ್ರದ ಹಿಂದೆ ಬಾಕಿ ಬರೆದು ಇಬ್ಬರೂ ಸಹಿ ಹಾಕಿದೆವು. "ತಪ್ಪು ತಿಳೀಬೇಡಿ ಅಕ್ಕಾ," ಅಂತ ಹೇಳಿ ರೂಮಿನಲ್ಲಿ ಒಂದು ಮಂಚ ಬಿಟ್ಟು, ತಮ್ಮ ಬೀಗ ಹಾಕಿಕೊಂಡು ಹೋದರು. ದುಡ್ಡು ಪೂರ್ತಿ ಕೈಸೇರುವವರೆಗೆ ಮನೆ ಅವರ ವಶದಲ್ಲಿರುವುದು ನ್ಯಾಯವೇ. ನನಗೆ ಬೇಜಾರಾಗಲಿಲ್ಲ.

ಆಷಾಢ ಪೂರ್ತಿ ಮೇಲೆ ಕತ್ತಲೆ. ಟ್ಯಾಂಕ್ ನೋಡಲು ಹತ್ತಿದಾಗೆಲ್ಲ ಕಿಟಕಿಯಿಂದ ಆ ಮಂಚ ಕಾಣುತ್ತಿತ್ತು. ಹಾಸಿಗೆ ಇಲ್ಲ, ಬರೀ ಹಲಗೆ.

ಶ್ರಾವಣದಲ್ಲಿ ಹೊಸಬರ ಓನರ್ ಅರ್ಧ ದುಡ್ಡು ಮಾತ್ರ ಕೊಟ್ಟರು. ಹಾಗಾದರೆ ಅರ್ಧ ಭೋಗ್ಯ, ಅರ್ಧ ಬಾಡಿಗೆ ಮಾಡೋಣ ಅಂತ ನಾನೇ ಹೇಳಿದೆ. 3 ಲಕ್ಷ, ಮತ್ತೆ ತಿಂಗಳಿಗೆ 4,000. ಮೊದಲಿನ ಹಾಗೆ 11 ತಿಂಗಳ ಪತ್ರ ಬರೆದು ಬಾಯಿಮಾತಲ್ಲಿ ಮೂರು ವರ್ಷ ಅನ್ನಲಿಲ್ಲ. ಒಂದು ವರ್ಷಕ್ಕಿಂತ ಜಾಸ್ತಿಯ ಲೀಸ್ ರಿಜಿಸ್ಟರ್ ಆಗಲೇಬೇಕು, ಮಾಡಿಸಿದೆವು. ಟೋಕನ್ ಕಳೆದು ಕೈಗೆ ಬಂದ ಎರಡೂವರೆ ಲಕ್ಷದಲ್ಲಿ ಹಳಬರ ಬಾಕಿ ಅವತ್ತೇ ತೀರಿಸಿದೆ. ಅವರು ಮಂಚ ತೆಗೆದುಕೊಂಡು, ಕುಂಕುಮದ ಜೊತೆ ಬೀಗದ ಕೈ ಕೊಟ್ಟು ಹೋದರು.

ಬಾಡಿಗೆಯ 4,000 ಮತ್ತು ಚೀಟಿ ದುಡ್ಡು ಸೇರಿಸಿ ಒಡವೆ ಬಿಡಿಸಿಕೊಳ್ಳುವಷ್ಟರಲ್ಲಿ ಒಂದೂವರೆ ವರ್ಷವಾಯಿತು. ಈಗ ಅದೇ 4,000ಕ್ಕೆ ನಮ್ಮದೂ 3,000 ಸೇರಿಸಿ ಅಂಚೆ ಕಚೇರಿಯಲ್ಲಿ ಆರ್‌ಡಿ ಕಟ್ಟುತ್ತಿದ್ದೇನೆ. ಪಾಸ್‌ಬುಕ್ ಮೇಲೆ ಪೆನ್ನಿನಲ್ಲಿ 'ಮೇಲಿನ ಮನೆಯವರದು' ಅಂತ ಬರೆದಿಟ್ಟಿದ್ದೇನೆ.