ಫಿರ್ಯಾದಿನಲ್ಲಿ ‘ಆತ್ಮರಕ್ಷಣೆ’ ಎಂದು ಬರೆದರೆ ಸಾಲದು

ಠಾಣಾ ಬರಹಗಾರನಾಗಿ ಹನ್ನೊಂದು ವರ್ಷ ಕಳೆದ ನನಗೆ ಆತ್ಮರಕ್ಷಣೆಯ ಕಾನೂನು ಅರ್ಥವಾದದ್ದು ನನ್ನದೇ ತಪ್ಪಿನಿಂದ. ಮಹಜರಿಗೆಂದು ನಸುಕಿನಲ್ಲಿ ಕರೆದೊಯ್ದಿದ್ದ ಆರೋಪಿಯೊಬ್ಬ ಪೊದೆಯಲ್ಲಿ ಬಚ್ಚಿಟ್ಟಿದ್ದ ಚಾಕುವಿನಿಂದ ಕಾನ್‌ಸ್ಟೆಬಲ್ ಒಬ್ಬರ ಮುಂಗೈಗೆ ಇರಿದಾಗ, ನಮ್ಮ ಇನ್‌ಸ್ಪೆಕ್ಟರ್ ಸಾಹೇಬರು ಅವನ ಕಾಲಿಗೆ ಗುಂಡು ಹಾರಿಸಿದ್ದರು. ಅವರ ಫಿರ್ಯಾದನ್ನು ಟೈಪ್ ಮಾಡಲು ಕೂತವನು ನಾನು. ಹಳೆಯ ಪ್ರಕರಣವೊಂದರ ಪ್ರತಿಯನ್ನು ತೆರೆದು ಹೆಸರು, ದಿನಾಂಕಗಳನ್ನಷ್ಟೇ ಬದಲಿಸಿ, ‘ಬೇರೆ ದಾರಿ ಕಾಣದೆ ಆತ್ಮರಕ್ಷಣೆಗಾಗಿ ಗುಂಡು ಹಾರಿಸಿದೆನು’ ಎಂಬ ಸಿದ್ಧ ವಾಕ್ಯವನ್ನು ಹಾಗೆಯೇ ಉಳಿಸಿಕೊಂಡೆ. ಅದರೊಂದಿಗೆ ಹಳೆಯ ಪ್ರಕರಣದ ಲಾಂಗೂ ಉಳಿದುಬಿಟ್ಟಿತು. ಮಹಜರಿನಲ್ಲಿ ಇದ್ದದ್ದು ಗೇಣುದ್ದದ ಚಾಕು.

ಸಹಿಗೆ ಮೊದಲು ಓದಿದ ಡಿವೈಎಸ್‌ಪಿಯವರು ಹಾಳೆಯನ್ನು ನನ್ನತ್ತ ಸರಿಸಿ, “ಆತ್ಮರಕ್ಷಣೆ ಹೌದೋ ಅಲ್ಲವೋ ಅಂತ ಕೋರ್ಟು ಹೇಳುತ್ತೆ ಕಣಯ್ಯ. ನೀನು ಅವರನ್ನು ಕೇಳಿ, ನಡೆದದ್ದನ್ನು ಬರಿ” ಎಂದರು.

ಪೊಲೀಸರಿಗೆಂದೇ ಬೇರೊಂದು ಆತ್ಮರಕ್ಷಣೆಯ ಹಕ್ಕಿಲ್ಲ. ಎಲ್ಲ ನಾಗರಿಕರಿಗೂ ಇರುವ ಖಾಸಗಿ ರಕ್ಷಣೆಯ ಹಕ್ಕೇ ಅವರಿಗೂ ಇರುವುದು. ಆಗ ಅದು ಭಾರತೀಯ ದಂಡ ಸಂಹಿತೆಯ 96ರಿಂದ 106ರವರೆಗಿನ ಕಲಂಗಳಲ್ಲಿತ್ತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಂಗಳಲ್ಲಿದೆ. ಸಾವು ಅಥವಾ ತೀವ್ರ ಗಾಯದ ಸಕಾರಣ ಭಯ ಹುಟ್ಟಿಸುವ ಹಲ್ಲೆ ಎದುರಾದಾಗ ದೇಹರಕ್ಷಣೆಯ ಹಕ್ಕು ಎದುರಾಳಿಯ ಪ್ರಾಣ ತೆಗೆಯುವವರೆಗೂ ಚಾಚಬಹುದು. ಭಯ ಮುಗಿದೊಡನೆ ಹಕ್ಕೂ ಮುಗಿಯುತ್ತದೆ. ಹಲ್ಲೆಗೊಳಗಾದವನು ತನ್ನ ಪ್ರತಿಯೇಟನ್ನು ಲೆಕ್ಕ ಹಾಕಿ ಅಳೆದು ಕೊಡಬೇಕೆಂದು ನಿರೀಕ್ಷಿಸಲಾಗದೆಂದು ಸುಪ್ರೀಂ ಕೋರ್ಟ್ 2010ರ ದರ್ಶನ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ಆದರೆ ಹಕ್ಕು ತನಗಿತ್ತೆಂದು ತೋರಿಸುವ ಹೊಣೆ ಅದನ್ನು ಮುಂದಿಡುವವನದೇ.

ನನಗೆ ಕಷ್ಟವೆನಿಸಿದ್ದು ವೈದ್ಯರ ಗಾಯದ ಪ್ರಮಾಣಪತ್ರ. ಗುಂಡು ಮೀನಖಂಡದ ಹಿಂಬದಿಯಿಂದ ಹೊಕ್ಕಿತ್ತು. ಹಾಗಾದರೆ ಅವನು ಓಡುತ್ತಿದ್ದನೇ? ಓಡುವವನನ್ನು ಹಿಡಿಯಲು ಅಗತ್ಯವಾದಷ್ಟು ಬಲ ಬಳಸಬಹುದಾದರೂ, ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಯಾಗಬಹುದಾದ ಅಪರಾಧದ ಆರೋಪವಿಲ್ಲದವನ ಪ್ರಾಣ ತೆಗೆಯಲು ಬಂಧನದ ಅಧಿಕಾರ ಅವಕಾಶ ಕೊಡುವುದಿಲ್ಲ. ಸಾಹೇಬರನ್ನು ಕೇಳಿದೆ. ಇರಿದ ಮೇಲೆ ಅವನು ತಮಗೆ ಬೆನ್ನು ಮಾಡಿ, ನೆಲಕ್ಕೆ ಬಿದ್ದಿದ್ದ ಕಾನ್‌ಸ್ಟೆಬಲ್‌ನತ್ತ ಮತ್ತೆ ಚಾಕು ಎತ್ತಿದನೆಂದೂ, ತಾವು ನಾಲ್ಕು ಹೆಜ್ಜೆ ಹಿಂದಿದ್ದೆವೆಂದೂ, ಗಾಳಿಯಲ್ಲಿ ಹಾರಿಸಿದ ಮೊದಲ ಗುಂಡಿಗೆ ಅವನು ನಿಲ್ಲಲಿಲ್ಲವೆಂದೂ ಹೇಳಿದರು. ನನ್ನ ಸಿದ್ಧ ವಾಕ್ಯದಲ್ಲಿ ಇದ್ಯಾವುದೂ ಇರಲಿಲ್ಲ. ಅಷ್ಟೇಕೆ, ಅವರು ಕಾಪಾಡಿದ್ದು ತಮ್ಮನ್ನಲ್ಲ, ಇನ್ನೊಬ್ಬನನ್ನು. ಕಾನೂನು ಅದಕ್ಕೂ ಹಕ್ಕು ಕೊಡುತ್ತದೆ, ನನ್ನ ಪದವೇ ತಪ್ಪಾಗಿತ್ತು.

ನಾಗರಿಕ ಹಕ್ಕುಗಳ ಸಂಘಟನೆಯಾದ ಪಿಯುಸಿಎಲ್‌ನ ಪ್ರಕರಣದಲ್ಲಿ 2014ರ ಸೆಪ್ಟೆಂಬರ್ 23ರಂದು ಸುಪ್ರೀಂ ಕೋರ್ಟ್ ವಿಧಿಸಿದ ನಿಯಮಗಳು ಎನ್‌ಕೌಂಟರಿನ ಸಾವಿಗಷ್ಟೇ ಅಲ್ಲದೆ ತೀವ್ರ ಗಾಯಕ್ಕೂ ಅನ್ವಯಿಸುವುದರಿಂದ ತನಿಖೆ ನಮ್ಮ ಠಾಣೆಯ ಕೈಯಲ್ಲಿ ಉಳಿಯಲಿಲ್ಲ. ಪಿಸ್ತೂಲನ್ನೂ ಎರಡು ಖಾಲಿ ಕಾರ್ಟ್ರಿಡ್ಜ್‌ಗಳನ್ನೂ ಒಪ್ಪಿಸಿದೆವು. ಬೇರೆ ಠಾಣೆಯಿಂದ ಬಂದ ತನಿಖಾಧಿಕಾರಿ ನನ್ನ ಎದುರಿಗೇ ಕೂತು, ತಿದ್ದಿ ಬರೆದ ಫಿರ್ಯಾದನ್ನು ಗಾಯದ ಪ್ರಮಾಣಪತ್ರದ ಪಕ್ಕದಲ್ಲಿಟ್ಟು, ಮೀನಖಂಡದ ಸಾಲಿನ ಮೇಲೆ ಬೆರಳಿಟ್ಟುಕೊಂಡೇ ಎರಡು ಸಲ ಓದಿದರು.