ಅರ್ಧ ತುಂಬಿದ ಟ್ಯಾಂಕು

ಇವತ್ತು ಮತ್ತೆ ಆ ಫೋಟೋ ಕಣ್ಣಿಗೆ ಬಿತ್ತು. ಬಂದರ್ ಅಬ್ಬಾಸ್ ಧಕ್ಕೆಯಲ್ಲಿ ಪಕ್ಕಕ್ಕೆ ಮಲಗಿದ ಸಹಂದ್.

ಇರಾನೇ ಕಟ್ಟಿದ ಮೌಜ್ ವರ್ಗದ ಯುದ್ಧನೌಕೆ. ಮೌಜ್ ಅಂದರೆ ಅಲೆ.
2024ರ ಜುಲೈ, ರಿಪೇರಿ ನಡೀತಿತ್ತು. ಟ್ಯಾಂಕುಗಳಿಗೆ ನೀರು ನುಗ್ಗಿ ವಾಲಿತು. ಎತ್ತಿ ನಿಲ್ಲಿಸಿದರು, ಹಗ್ಗ ಹರಿದು ಮತ್ತೆ ಮುಳುಗಿತು.

ಟ್ಯಾಂಕು ಪೂರ್ತಿ ತುಂಬಿದ್ದರೆ ಒಳಗಿನ ನೀರು ಅಲುಗಾಡಲ್ಲ. ಅರ್ಧ ತುಂಬಿದ್ದೇ ಅಪಾಯ. ಹಡಗು ಸ್ವಲ್ಪ ವಾಲಿದರೂ ನೀರು ಅದೇ ಕಡೆ ಓಡುತ್ತೆ, ಇನ್ನಷ್ಟು ವಾಲಿಸುತ್ತೆ. ಟ್ಯಾಂಕಿನ ಅಗಲ ಎರಡು ಪಟ್ಟಾದರೆ ಈ ಪರಿಣಾಮ ಎಂಟು ಪಟ್ಟು! ಅದಕ್ಕೇ ನಡುವೆ ಉದ್ದುದ್ದ ಗೋಡೆ ಹಾಕೋದು.

ಇದೇ ವರ್ಗದ ದಮಾವಂದ್ 2018ರಲ್ಲಿ ಕ್ಯಾಸ್ಪಿಯನ್ ತೀರದ ಅಂಜಲಿಯಲ್ಲಿ ಅಲೆತಡೆಗೆ ಬಡಿದು ಹೋಯ್ತು. ಅಲ್ಲಿ ಬಿರುಗಾಳಿಯಿತ್ತು. ಸಹಂದ್ ಮಾತ್ರ ಧಕ್ಕೆಗೆ ಕಟ್ಟಿ ನಿಲ್ಲಿಸಿದ್ದ ಹಡಗು.